ಹೊಗೆಗೆ ಸಾಕ್ಷಿ ಯಾರು? ನಂದಿಕೂರಿನ ಮೂರು ದಶಕ: ಅಗಳಿಯಿಂದ ಒಂದು ಓದು

ನಾನು ಮಾತಾಡ್ತಾ ಇರೋದು ಅಗಳಿಯಿಂದ. ಮಡಕಶಿರಾ ಸೀಮೆಯ ಊರು ಇದು. ಮನೆಮಾತು ಕನ್ನಡ, ಕಚೇರಿಯ ಕಾಗದ ತೆಲುಗು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗಲೂ, 1956ರ ಪುನರ್ವಿಂಗಡಣೆಯಲ್ಲೂ ಮಡಕಶಿರಾ, ರಾಯದುರ್ಗ ಆಂಧ್ರದಲ್ಲೇ ಉಳಿದವು.

ನಮ್ಮೂರಲ್ಲಿ ಕಲ್ಲಿದ್ದಲು ಸ್ಥಾವರ ಇಲ್ಲ. ಆದರೆ ನಮ್ಮ ಬೋರ್‌ವೆಲ್ ಮೋಟರು ತಿರುಗೋದು ರಾಜ್ಯದ ಜಾಲದ ಕರೆಂಟಿನಿಂದ. ಆ ಜಾಲಕ್ಕೆ ಕರೆಂಟು ಕೊಡುವ ಸ್ಥಾವರಗಳಲ್ಲಿ ಕಡಪ ಜಿಲ್ಲೆಯ ರಾಯಲಸೀಮಾ ಉಷ್ಣ ವಿದ್ಯುತ್ ಸ್ಥಾವರವೂ ಒಂದು. ಕರೆಂಟು ನಮಗೆ ಬರುತ್ತೆ, ಬೂದಿ ಅಲ್ಲೇ ಉಳಿಯುತ್ತೆ. ಹಾಗಾಗಿ ನನ್ನ ಪ್ರಶ್ನೆ ಇಷ್ಟು: ಸ್ಥಾವರದ ಪಕ್ಕ ಬದುಕುವವರ ಆತಂಕ ಚರಿತ್ರೆಯ ದಾಖಲೆಯೊಳಗೆ ಹೇಗೆ ಬರುತ್ತೆ, ಯಾವಾಗ ಬರುತ್ತೆ?

ಇದಕ್ಕೆ ಕನ್ನಡ ನಾಡಿನಲ್ಲಿ ಒಳ್ಳೆಯ ಉದಾಹರಣೆ ಉಡುಪಿ ಜಿಲ್ಲೆಯ ನಂದಿಕೂರು. 1990ರ ದಶಕದಲ್ಲಿ ಅಮೆರಿಕದ ಕೋಜೆಂಟ್ರಿಕ್ಸ್ ಕಂಪನಿ ಅಲ್ಲಿ ಸುಮಾರು 1000 ಮೆಗಾವಾಟ್ ಸ್ಥಾವರ ಕಟ್ಟಲು ಬಂತು. ಜನರ ವಿರೋಧ, ಕೋರ್ಟು ಕೇಸುಗಳ ನಡುವೆ 1999ರ ಡಿಸೆಂಬರಿನಲ್ಲಿ ಹಿಂದೆ ಸರಿಯಿತು. ಕಂಪನಿ ಹೋಯಿತು, ಯೋಜನೆ ಹೋಗಲಿಲ್ಲ. ನಾಗಾರ್ಜುನ, ಲ್ಯಾಂಕೋ ಅಂತ ಕೈ ಬದಲಾಗುತ್ತಾ, ಎಲ್ಲೂರಿನಲ್ಲಿ 600 ಮೆಗಾವಾಟಿನ ಮೊದಲ ಘಟಕ 2010ರಲ್ಲಿ, ಎರಡನೆಯದು 2012ರಲ್ಲಿ ಶುರುವಾದವು. 2015ರಲ್ಲಿ ಅದಾನಿ ಸಮೂಹ ಇದನ್ನು ಕೊಂಡಿತು. ಕಲ್ಲಿದ್ದಲು ಹೊರದೇಶದ್ದು, ನವ ಮಂಗಳೂರು ಬಂದರಿನಿಂದ ರೈಲಿನಲ್ಲಿ ಬರುತ್ತೆ. ತಂಪು ಮಾಡೋಕೆ ಸಮುದ್ರದ ನೀರು.

ಇಲ್ಲಿ ಒಂದು ವರ್ಷವನ್ನು ಗಮನಿಸಬೇಕು: 1997. ಈ ಯೋಜನೆಗೆ ಕೇಂದ್ರದ ಪರಿಸರ ಪರವಾನಗಿ ಸಿಕ್ಕಿದ್ದು ಆ ವರ್ಷ. ಇಂಥ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯ ಅಂತ ಅಧಿಸೂಚನೆ ಬಂದದ್ದೂ ಅದೇ ವರ್ಷದ ಏಪ್ರಿಲ್‌ನಲ್ಲಿ. ಅಂದರೆ ಊರಿನವರ ಮಾತನ್ನು ಕಡತದಲ್ಲಿ ಬರೆದುಕೊಳ್ಳುವ ಪದ್ಧತಿಯೇ ಆಗ ಹೊಸತು. ಅದಕ್ಕೂ ಮೊದಲಿನ ಆತಂಕ ಸಿಗೋದು ಕರಪತ್ರದಲ್ಲಿ, ಪತ್ರಿಕೆಯ ಮೂಲೆಯಲ್ಲಿ, ಹಿರಿಯರ ನೆನಪಿನಲ್ಲಿ.

ಸ್ಥಾವರ ಓಡತೊಡಗಿದ ಮೇಲೆ ದೂರುಗಳ ರೂಪ ಬದಲಾಯಿತು. ಬಾವಿನೀರು ಉಪ್ಪಾಯಿತು, ಮಲ್ಲಿಗೆ ಗಿಡ ಸೊರಗಿತು, ಅಂಗಳದಲ್ಲಿ ಬೂದಿ ಕೂರುತ್ತೆ ಅಂತ ಜನ ಹೇಳಿದರು. ನಂದಿಕೂರು ಜನಜಾಗೃತಿ ಸಮಿತಿಯ ಹೋರಾಟ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಲುಪಿತು. 2019ರ ಮಾರ್ಚಿನಲ್ಲಿ ಮಂಡಳಿ 5 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಠೇವಣಿ ಇಡಲು ಹೇಳಿತು. 2022ರ ಮೇ ತಿಂಗಳಲ್ಲಿ ಒಟ್ಟು ಪರಿಹಾರವನ್ನು ಸುಮಾರು 52 ಕೋಟಿ ಎಂದು ನಿಗದಿ ಮಾಡಿತು. ಮೊದಲ ಘಟಕ ಶುರುವಾಗಿ ಆಗ ಹನ್ನೆರಡು ವರ್ಷ.

ಈಗ ಆರೋಗ್ಯದ ವಿಷಯಕ್ಕೆ ಬರ್ತೇನೆ. ಉಪ್ಪುನೀರು ಒಂದು ಬಾಟಲಿಯಲ್ಲಿ ಸಾಕ್ಷಿ ಹೇಳುತ್ತೆ. ಒಣಗಿದ ಗಿಡವನ್ನು ಎಣಿಸಬಹುದು. ಕೆಮ್ಮನ್ನು ಹಾಗೆ ಎಣಿಸೋಕೆ ಆಗಲ್ಲ. ಕಲ್ಲಿದ್ದಲಿನ ಹೊಗೆಯಲ್ಲಿರೋ ಸೂಕ್ಷ್ಮ ಕಣ, ಗಂಧಕದ ಡೈಆಕ್ಸೈಡ್, ಪಾದರಸ ದೇಹದಲ್ಲಿ ಕೆಲಸ ಮಾಡೋದು ನಿಧಾನವಾಗಿ. ನಡುವೆ ಒಲೆಯ ಹೊಗೆ ಇದೆ, ಬೀಡಿ ಇದೆ, ರಸ್ತೆ ಧೂಳಿದೆ. ಹಾಗಾಗಿ "ನಿಮ್ಮ ಉಬ್ಬಸಕ್ಕೆ ಸ್ಥಾವರವೇ ಕಾರಣ ಅನ್ನೋದಕ್ಕೆ ಏನು ಆಧಾರ?" ಅಂತ ಯಾರಾದರೂ ಕೇಳಿದರೆ, ಸ್ಥಾವರ ಬರೋ ಮುಂಚೆ ಆ ಊರಿನ ಆರೋಗ್ಯ ಹೇಗಿತ್ತು ಅನ್ನೋ ಲೆಕ್ಕ ಬೇಕು. ಆ ಲೆಕ್ಕ ಇಟ್ಟುಕೊಳ್ಳೋ ಶಕ್ತಿ ಇರೋದು ಸರ್ಕಾರಕ್ಕೆ, ಕಂಪನಿಗೆ. ಸಾಬೀತು ಮಾಡೋ ಹೊರೆ ಮಾತ್ರ ಉಸಿರಾಡುವವನ ಮೇಲೆ.

ಮಾಲಿನ್ಯದ ಮಿತಿಗಳ ಕಥೆಯೂ ಹೀಗೇ. 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಉಷ್ಣ ಸ್ಥಾವರಗಳಿಗೆ ಗಂಧಕದ ಡೈಆಕ್ಸೈಡಿನ ಹೊಸ ಮಿತಿ ತಂದಿತು. ಹಳೆಯ ಸ್ಥಾವರಗಳಿಗೆ ಕೊಟ್ಟ ಗಡುವು ಎರಡು ವರ್ಷ. ಆಮೇಲೆ ಆ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು.

ಕೆಲವರು ಹೇಳಬಹುದು, ಇದು ವೈದ್ಯರ ಕೆಲಸ, ಚರಿತ್ರೆಯವರಿಗೇನು ಅಂತ. ನನ್ನ ಪ್ರಕಾರ ಇದು ನಮ್ಮ ಕೆಲಸವೂ ಹೌದು. ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ಪುಸ್ತಕ, ಶಾಲೆಯ ಹಾಜರಿ, ಪಂಚಾಯ್ತಿಗೆ ಬಂದ ಅರ್ಜಿ, ಹೂ ಕಟ್ಟುವವರ ಲೆಕ್ಕದ ಚೀಟಿ, ಇವೆಲ್ಲ ಆಕರಗಳೇ. ಒಂದೊಂದೇ ನೋಡಿದರೆ ಇವು ಏನನ್ನೂ ಸಾಬೀತು ಮಾಡಲ್ಲ. ದಿನಾಂಕ ಹಾಕಿ ಜೋಡಿಸಿದರೆ, ಘಟಕ ಶುರುವಾಗೋ ಮುಂಚೆ ಹೇಗಿತ್ತು, ಆಮೇಲೆ ಹೇಗಾಯ್ತು ಅಂತ ಕೇಳೋಕೆ ಒಂದು ದಾರಿ ಆಗುತ್ತೆ. ಹಳೆಯ ಪುಸ್ತಕಗಳು ಗೆದ್ದಲು ಹಿಡಿದು ಹೋದರೆ ಆ ದಾರಿಯೂ ಮುಚ್ಚಿಹೋಗುತ್ತೆ.

ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ, ಕಡಪದಲ್ಲಿ 1994ರಿಂದ. ಬೂದಿ ಹೊಂಡದ ಪಕ್ಕದಲ್ಲಿ ಒಂದು ತಲೆಮಾರು ಆಗಲೇ ಬೆಳೆದಿದೆ. ಅವರ ಮಾತನ್ನು ಕನ್ನಡದಲ್ಲೂ ತೆಲುಗಿನಲ್ಲೂ ಕೇಳಿ ಬರೆದುಕೊಳ್ಳಬಲ್ಲವರು ನಮ್ಮಂಥ ಗಡಿಯವರು. ಈ ಗುಂಪಿನಿಂದ ಇಬ್ಬರಾದರೂ ಈ ಕೆಲಸಕ್ಕೆ ಬರಬೇಕು ಅಂತ ಕೇಳಿಕೊಂಡು, ಚರ್ಚೆಗೆ ಬಿಡ್ತೇನೆ.