ಎಳೆಯ ತೋಳುಗಳ ಚರಿತ್ರೆ

ಆಟದ ಚರಿತ್ರೆಯನ್ನು ಚರಿತ್ರೆಯೆಂದು ಒಪ್ಪಿಕೊಳ್ಳಲು ನಮ್ಮ ವಿದ್ವಾಂಸರು ಇಂದಿಗೂ ಹಿಂಜರಿಯುತ್ತಾರೆ. ಅರಸರ ದಂಡಯಾತ್ರೆ, ಶಾಸನಗಳ ಕಾಲನಿರ್ಣಯ, ಮತಧರ್ಮಗಳ ಏಳುಬೀಳು ಇವಷ್ಟೇ ಚರಿತ್ರೆ. ಚೆಂಡೆಸೆದವನ ಕಥೆ ಬರಿಯ ಕಾಲಹರಣ ಎಂಬ ಭಾವನೆ ಬಲವಾಗಿದೆ. ಆದರೆ ಒಂದು ಘಟನೆಯ ಕಾರಣವನ್ನು ಹುಡುಕುವಾಗ ಜನರ ನೆನಪು ಒಂದು ಕಡೆಗೂ ಸಾಕ್ಷ್ಯ ಇನ್ನೊಂದು ಕಡೆಗೂ ಎಳೆಯುವ ಕಷ್ಟ ಆಟದಂಗಳದಲ್ಲಿಯೂ ಉಂಟು. ಅಮೆರಿಕದ ಬೇಸ್‌ಬಾಲ್ ಆಟದಿಂದ ಅಂಥ ಒಂದು ನಿದರ್ಶನವನ್ನು ತಮ್ಮ ಮುಂದಿಡುತ್ತೇನೆ. ಒಂದೇ ಊರಿನ ಒಂದೇ ತಂಡಕ್ಕೆ, 19 ವರ್ಷಗಳ ಅಂತರದಲ್ಲಿ, ಬಂದೊಡನೆಯೇ ದೇಶವನ್ನು ಬೆರಗುಗೊಳಿಸಿದ ಇಬ್ಬರು ತರುಣರ ವೃತ್ತಾಂತ ಅದು. ಊರು ಕ್ಲೀವ್‌ಲೆಂಡ್, ತಂಡದ ಹೆಸರು ಆಗ ಇಂಡಿಯನ್ಸ್, 2022ರಿಂದ ಗಾರ್ಡಿಯನ್ಸ್. ಆ ಹಳೆಯ ಹೆಸರು ಸೂಚಿಸುತ್ತಿದ್ದುದು ನಮ್ಮನ್ನಲ್ಲ, ಅಮೆರಿಕದ ಮೂಲನಿವಾಸಿಗಳನ್ನು.

ಕ್ರಿಕೆಟ್ಟನ್ನು ಬಲ್ಲ ನಮಗೆ ಬೇಸ್‌ಬಾಲಿನ ಸೂಕ್ಷ್ಮ ಸ್ವಲ್ಪ ವಿವರಣೆಯನ್ನು ಬೇಡುತ್ತದೆ. ಚೆಂಡೆಸೆಯುವವನು ಪಿಚರ್. 60 ಅಡಿ 6 ಅಂಗುಲ ದೂರದಿಂದ, ಓಡಿಬರದೆ, ಒಂದು ಪುಟ್ಟ ದಿಣ್ಣೆಯ ಮೇಲೆ ನಿಂತು ಅವನು ಎಸೆಯಬೇಕು. ಚೆಂಡು ನೆಲಕ್ಕೆ ಪುಟಿಯುವುದಿಲ್ಲ. ಬ್ಯಾಟು ಹಿಡಿದವನು ಬೀಸಿ ತಪ್ಪಿದರೆ, ಅಥವಾ ಹೊಡೆಯಬಹುದಾದ ಚೆಂಡನ್ನು ಸುಮ್ಮನೆ ಬಿಟ್ಟರೆ, ಅದು ಒಂದು ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಅವನು ಔಟ್. ಇದೇ ಸ್ಟ್ರೈಕ್‌ಔಟ್. ಎದುರಾಳಿ ತಂಡದ 9 ಇನ್ನಿಂಗ್ಸ್ ಮುಗಿಯಲು 27 ಮಂದಿ ಔಟಾಗಬೇಕು. ಸಾಮಾನ್ಯವಾಗಿ ಅವರಲ್ಲಿ ಬಹುಪಾಲು ಜನ ಔಟಾಗುವುದು ಅಂಗಳದಲ್ಲಿ ಹರಡಿ ನಿಂತ ಸಂಗಡಿಗರ ಕೈಗುಣದಿಂದ. ಸ್ಟ್ರೈಕ್‌ಔಟ್ ಹಾಗಲ್ಲ, ಅದು ಪಿಚರನ ಸ್ವಂತ ತೋಳಿನ ಗಳಿಕೆ. ಆದುದರಿಂದಲೇ ಜನ ಅದನ್ನು ಎಣಿಸುತ್ತಾರೆ, ಮೆರೆಸುತ್ತಾರೆ, ಅದರಲ್ಲಿ ಹುಡುಗನೊಬ್ಬನ ಭವಿಷ್ಯವನ್ನೂ ಓದಲು ಹೊರಡುತ್ತಾರೆ.

1936ರ ಆಗಸ್ಟ್ 23ರಂದು ಕ್ಲೀವ್‌ಲೆಂಡಿನಲ್ಲಿ ಸೇಂಟ್ ಲೂಯಿಸ್ ಬ್ರೌನ್ಸ್ ತಂಡದ ವಿರುದ್ಧ ಪಂದ್ಯವನ್ನು ಆರಂಭಿಸಲು ದಿಣ್ಣೆಯೇರಿದವನು ಬಾಬ್ ಫೆಲ್ಲರ್. ಪ್ರಾಯ 17. ಹೈಸ್ಕೂಲಿನ ಕೊನೆಯ ವರ್ಷ ಇನ್ನೂ ಬಾಕಿ. ಆ ಬೇಸಿಗೆಯ ರಜೆಯಲ್ಲಿ ಅವನು ಕ್ಲೀವ್‌ಲೆಂಡಿಗೆ ಬಂದಿದ್ದ. ಜುಲೈ 6ರಂದು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಜೊತೆ ನಡೆದ ಪ್ರದರ್ಶನ ಪಂದ್ಯದಲ್ಲಿ ಮೂರೇ ಇನ್ನಿಂಗ್ಸ್ ಎಸೆದು 8 ಸ್ಟ್ರೈಕ್‌ಔಟ್ ಪಡೆದಿದ್ದ. ಆದರೆ ಪ್ರದರ್ಶನ ಪಂದ್ಯ ಲೆಕ್ಕಕ್ಕೆ ಬರುವುದಿಲ್ಲವಷ್ಟೆ. ಆಗಸ್ಟ್ 23ರ ಪಂದ್ಯ ಲೆಕ್ಕಕ್ಕೆ ಬಂತು: 15 ಸ್ಟ್ರೈಕ್‌ಔಟ್, 4–1ರ ಗೆಲುವು. ಮೂರು ವಾರಗಳ ಬಳಿಕ, ಸೆಪ್ಟೆಂಬರ್ 13ರಂದು, ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ವಿರುದ್ಧ 17. ಅಮೆರಿಕನ್ ಲೀಗಿನಲ್ಲಿ ರೂಬ್ ವಾಡೆಲ್ 1908ರಲ್ಲಿ ಸ್ಥಾಪಿಸಿದ್ದ 16ರ ದಾಖಲೆ ಅಂದು ಬಿತ್ತು. ನ್ಯಾಷನಲ್ ಲೀಗಿನಲ್ಲಿ ಡಿಜಿ ಡೀನ್ 1933ರಲ್ಲಿ ಪಡೆದಿದ್ದ 17ಕ್ಕೆ ಅದು ಸರಿಸಾಟಿಯಾಯಿತು. ಪ್ರಾಯ ಎಷ್ಟೋ ಬಲಿಗಳೂ ಅಷ್ಟೇ! ಅನಂತರ ಆ ಹುಡುಗ ಊರಿಗೆ ಮರಳಿ ತರಗತಿಯಲ್ಲಿ ಕುಳಿತ. 1937ರಲ್ಲಿ ಅವನ ಹೈಸ್ಕೂಲಿನ ಪದವಿ ಪ್ರದಾನ ಸಮಾರಂಭವನ್ನು ಎನ್‌ಬಿಸಿ ರೇಡಿಯೋ ದೇಶಕ್ಕೆಲ್ಲ ಬಿತ್ತರಿಸಿತು. ಆ ವರ್ಷವೇ ಏಪ್ರಿಲ್‌ನಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವನ ಚಿತ್ರ ಬಂದಿತ್ತು.

ಇದು ಆಕಾಶದಿಂದ ಉದುರಿದ ಪ್ರತಿಭೆಯೆಂದು ಪತ್ರಿಕೆಗಳು ಬರೆಯಲು ಆತುರಪಟ್ಟವು. ಸಾಕ್ಷ್ಯ ಬೇರೆಯೇ ಇದೆ. ಅಯೋವಾ ಪ್ರಾಂತದ ವ್ಯಾನ್ ಮೀಟರ್ ಎಂಬ ಸಣ್ಣ ಊರಿನ ಬಳಿ ಅವನ ತಂದೆ ಬಿಲ್ ಫೆಲ್ಲರನ ಹೊಲ. ಮಗನ ಆಟಕ್ಕೆ ಬಿಡುವು ಸಿಗಲೆಂದು ಈತ ಹೆಚ್ಚು ದುಡಿಮೆ ಬೇಡುವ ಮೆಕ್ಕೆಜೋಳವನ್ನು ಬಿಟ್ಟು ಗೋಧಿ ಬಿತ್ತಿದ. ಹೊಲದ ಒಂದು ಭಾಗವನ್ನು ಸಮಮಾಡಿ ಆಟದಂಗಳ ಕಟ್ಟಿ, ಊರ ಹುಡುಗರ ತಂಡ ಕೂಡಿಸಿ, ಹೊರಗಿನ ತಂಡಗಳನ್ನು ಕರೆಸಿ ಪಂದ್ಯ ನಡೆಸಿದ. ಚಳಿಗಾಲದಲ್ಲಿ ಕಣಜದ ಒಳಗೇ ತಂದೆ ಮಗ ಇಬ್ಬರೂ ಚೆಂಡು ಎಸೆದು ಹಿಡಿಯುತ್ತಿದ್ದರು. ಒಬ್ಬ ಒಕ್ಕಲಿಗ ತನ್ನ ಬೆಳೆಯನ್ನೇ ಬದಲಿಸಿ ಬೆಳೆಸಿದ ತೋಳು ಅದು. ಈ ಮಾತು 17ರ ದಾಖಲೆಗಿಂತ ಮುಖ್ಯವೆಂದು ನನಗೆ ತೋರುತ್ತದೆ.

ಆ ತೋಳನ್ನು ಕ್ಲೀವ್‌ಲೆಂಡಿಗೆ ತಂದವನು ಸೈ ಸ್ಲ್ಯಾಪ್ನಿಕಾ ಎಂಬ ಅನ್ವೇಷಕ. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತದೆ. ಹುಡುಗನ ಸಹಿಗೆ ಅವನು ತೆತ್ತ ಬೆಲೆ ಒಂದು ಡಾಲರ್ ಮತ್ತು ಆಟಗಾರರ ಹಸ್ತಾಕ್ಷರವಿದ್ದ ಒಂದು ಚೆಂಡು. ಅಂದಿನ ನಿಯಮದಂತೆ ಹವ್ಯಾಸಿ ಹುಡುಗರನ್ನು ದೊಡ್ಡ ತಂಡಗಳು ನೇರವಾಗಿ ಕೊಳ್ಳುವಂತಿರಲಿಲ್ಲ. ಡಿ ಮಾಯ್ನ್ ನಗರದ ಸಣ್ಣ ತಂಡವೊಂದು ದೂರು ಕೊಟ್ಟಿತು. ಬೇಸ್‌ಬಾಲಿನ ಅಧಿಪತಿ ನ್ಯಾಯಮೂರ್ತಿ ಲ್ಯಾಂಡಿಸ್ 1936ರ ಡಿಸೆಂಬರಿನಲ್ಲಿ ತೀರ್ಪಿತ್ತ: ಹುಡುಗ ಕ್ಲೀವ್‌ಲೆಂಡಿನಲ್ಲೇ ಇರಲಿ, ಆದರೆ ತಂಡವು ಡಿ ಮಾಯ್ನ್‌ಗೆ 7,500 ಡಾಲರ್ ಕೊಡಲಿ. ದೂರು ಕೊಟ್ಟವರಿಗೆ ಹಣ ಬಂತು, ಕಟ್ಟಳೆ ಮುರಿದವರಿಗೆ ಹುಡುಗ ಉಳಿದ. ಬಿಡುಗಡೆ ದೊರೆತಿದ್ದರೆ ಹಲವು ಪಟ್ಟು ಬೆಲೆ ಬಾಳುತ್ತಿದ್ದ ಹುಡುಗನಿಗೆ ಏನು ಬಂತೆಂಬುದನ್ನು ಯಾರೂ ಹೆಚ್ಚು ಕೇಳಲಿಲ್ಲ.

ಫೆಲ್ಲರನ ವೇಗಕ್ಕೆ ಬ್ಯಾಟುಗಾರರು ಅಂಜುತ್ತಿದ್ದುದು ಬರಿಯ ಉತ್ಪ್ರೇಕ್ಷೆಯಲ್ಲ. ಆಗ ತಲೆಗೆ ಕಾಪು ಇರಲಿಲ್ಲ. 1920ರಲ್ಲಿ ಇದೇ ಕ್ಲೀವ್‌ಲೆಂಡ್ ತಂಡದ ರೇ ಚಾಪ್‌ಮನ್ ಪಿಚರನ ಚೆಂಡು ತಲೆಗೆ ಬಡಿದು ಸತ್ತಿದ್ದ. ಫೆಲ್ಲರನ ಚೆಂಡು ಎಲ್ಲಿ ಹೋದೀತೆಂಬುದು ಮೊದಮೊದಲು ಅವನಿಗೂ ನಿಶ್ಚಯವಿರಲಿಲ್ಲ. 1938ರಲ್ಲಿ ಅವನು 208 ಮಂದಿಯನ್ನು ಗುರಿತಪ್ಪಿದ ಎಸೆತಗಳಿಂದ ಪುಕ್ಕಟೆಯಾಗಿ ಮೊದಲ ಬೇಸಿಗೆ ಕಳಿಸಿದ. ಆ ವರ್ಷದ ಕೊನೆಯ ದಿನ, ಅಕ್ಟೋಬರ್ 2ರಂದು, ಡೆಟ್ರಾಯಿಟ್ ತಂಡದ ಹ್ಯಾಂಕ್ ಗ್ರೀನ್‌ಬರ್ಗ್ 58 ಹೋಮ್‌ರನ್ ಹೊಡೆದು ಬೇಬ್ ರೂತನ 60ರ ಬೆನ್ನು ಹತ್ತಿ ನಿಂತಿದ್ದ. ಅವನು 58ರಲ್ಲೇ ಉಳಿದ. ಫೆಲ್ಲರ್ 18 ಸ್ಟ್ರೈಕ್‌ಔಟ್ ಪಡೆದು ಹೊಸ ದಾಖಲೆ ಬರೆದ, ಮತ್ತು ಪಂದ್ಯವನ್ನು 1–4ರಿಂದ ಸೋತ. ಸ್ಟ್ರೈಕ್‌ಔಟಿನ ಸಂಖ್ಯೆ ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಚಿಕ್ಕ ವ್ಯಾಖ್ಯಾನ ಸಿಗಲಾರದು.

1937ರ ವಸಂತದಲ್ಲಿ, ಮೊದಲ ಪಂದ್ಯದಲ್ಲೇ ಕಾಲು ಜಾರಿ ಅವನ ಮೊಣಕೈ ನೊಂದಿತ್ತು. ವಾರಗಟ್ಟಲೆ ಎಸೆಯಲಾಗಲಿಲ್ಲ. ಕೊನೆಗೆ ಮೂಳೆ ಕೂಡಿಸುವವನೊಬ್ಬ ಮೊಣಕೈಯನ್ನು ತಿರುಚಿ ನೀವಿ ಸರಿಮಾಡಿದನೆಂದು ಫೆಲ್ಲರನೇ ಮುಂದೆ ಹೇಳುತ್ತಿದ್ದ. ಅಂದು ಆ ಕೈ ಸರಿಹೋಗದಿದ್ದರೆ 17 ಎಂಬ ಅಂಕಿ ಒಂದು ಶೋಕಗೀತೆಯ ಪಲ್ಲವಿಯಾಗುತ್ತಿತ್ತು. ಅದು ಸರಿಹೋಯಿತು, ಆದುದರಿಂದ ಅದೇ ಅಂಕಿ ಮಹಾಕಾವ್ಯದ ಪೀಠಿಕೆಯಾಯಿತು. ಪರ್ಲ್ ಹಾರ್ಬರಿನ ದಾಳಿ ನಡೆದ ವಾರವೇ, ತಂದೆ ಮರಣಶಯ್ಯೆಯಲ್ಲಿದ್ದರೂ, ಅವನು ನೌಕಾಪಡೆ ಸೇರಿ ಅಲಬಾಮಾ ಯುದ್ಧನೌಕೆಯಲ್ಲಿ ಸೇವೆ ಸಲ್ಲಿಸಿದ. ಸುಮಾರು ನಾಲ್ಕು ವರ್ಷಗಳ ಆಟ ಕಳೆದುಹೋಯಿತು. ಮರಳಿ ಬಂದು 1946ರಲ್ಲಿ 348 ಸ್ಟ್ರೈಕ್‌ಔಟ್ ಪಡೆದ. 1904ರಲ್ಲಿ ವಾಡೆಲ್ ಪಡೆದಿದ್ದ 343ನ್ನು ಮುರಿದೆನೆಂದು ಅವನೂ ದೇಶವೂ ನಂಬಿದ್ದಾಗ, ಸಂಶೋಧಕರು ಹಳೆಯ ಅಂಕಪತ್ರಗಳನ್ನು ಮತ್ತೆ ಕೂಡಿ ವಾಡೆಲನ ಮೊತ್ತ 349 ಎಂದು ತಿದ್ದಿದರು. ಹಸ್ತಪ್ರತಿಗಳ ಪಾಠಾಂತರದಲ್ಲಿ ತೊಳಲಿದವರಿಗೆ ಇದು ಹೊಸ ಅನುಭವವೇನಲ್ಲ.

ಇನ್ನು ಎರಡನೆಯವನು. ಹರ್ಬ್ ಸ್ಕೋರ್, 1933ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ ಫ್ಲಾರಿಡಾದಲ್ಲಿ ಬೆಳೆದ ಎಡಗೈ ಎಸೆತಗಾರ. ಅವನನ್ನು ಕಂಡುಹಿಡಿದವನೂ ಸ್ಲ್ಯಾಪ್ನಿಕಾನೇ. ಆದರೆ ಈ ಸಲ ಬೆಲೆ ಒಂದು ಡಾಲರ್ ಅಲ್ಲ, 60,000. 1955ರಲ್ಲಿ, ತನ್ನ ಮೊದಲ ವರ್ಷದಲ್ಲಿಯೇ, ಸ್ಕೋರ್ 245 ಸ್ಟ್ರೈಕ್‌ಔಟ್ ಪಡೆದ. ಹೊಸಬನೊಬ್ಬನ ಈ ದಾಖಲೆ 1984ರಲ್ಲಿ ಡ್ವೈಟ್ ಗುಡನ್ 276 ಪಡೆಯುವವರೆಗೆ ನಿಂತಿತ್ತು. ಆ ವರ್ಷದ ಮೇ 1ರಂದು ಕ್ಲೀವ್‌ಲೆಂಡಿನಲ್ಲಿ ಬಾಸ್ಟನ್ ತಂಡದ ವಿರುದ್ಧ ಒಂದೇ ದಿನ ಎರಡು ಪಂದ್ಯ. ಮೊದಲನೆಯದರಲ್ಲಿ 36ರ ಫೆಲ್ಲರ್ ಎದುರಾಳಿಗಳಿಗೆ ಒಂದೇ ಒಂದು ಹೊಡೆತ ಬಿಟ್ಟುಕೊಟ್ಟು ಗೆದ್ದ. ಎರಡನೆಯದರಲ್ಲಿ ಸ್ಕೋರ್ 16 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ ಗೆದ್ದ. ಅಸ್ತಮಾನದ ಸೂರ್ಯನೂ ಉದಯದ ಸೂರ್ಯನೂ ಒಂದೇ ಆಕಾಶದಲ್ಲಿ ಕಂಡ ಹಾಗೆ. ಫೆಲ್ಲರ್ 1956ರಲ್ಲಿ ನಿವೃತ್ತನಾದ. ಆ ವರ್ಷ ಸ್ಕೋರ್ 20 ಪಂದ್ಯ ಗೆದ್ದು 263 ಸ್ಟ್ರೈಕ್‌ಔಟ್ ಪಡೆದ. 1957ರ ಮೊದಲಲ್ಲಿ ಬಾಸ್ಟನ್ ತಂಡವು ಅವನಿಗಾಗಿ ಹತ್ತು ಲಕ್ಷ ಡಾಲರ್ ಕೊಡಲು ಮುಂದೆ ಬಂತು. ಬೇಡವೆಂದವನು ಕ್ಲೀವ್‌ಲೆಂಡಿನ ವ್ಯವಸ್ಥಾಪಕ, ಅದೇ ಹ್ಯಾಂಕ್ ಗ್ರೀನ್‌ಬರ್ಗ್.

1957ರ ಮೇ 7, ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಕ್ಲೀವ್‌ಲೆಂಡಿನಲ್ಲಿ ಪಂದ್ಯ. ಮೊದಲ ಇನ್ನಿಂಗ್ಸಿನ ಎರಡನೆಯ ಬ್ಯಾಟುಗಾರ ಗಿಲ್ ಮ್ಯಾಕ್‌ಡೂಗಲ್. ಅವನು ಬಾರಿಸಿದ ಚೆಂಡು ನೆಟ್ಟಗೆ ಬಂದು ಸ್ಕೋರನ ಬಲಗಣ್ಣಿಗೆ ಬಡಿಯಿತು. ಅಲ್ಲಿಂದ ಸಿಡಿದ ಚೆಂಡನ್ನು ಮೂರನೆಯ ಬೇಸಿನ ಆಟಗಾರ ಹಿಡಿದು ಎಸೆದು ಮ್ಯಾಕ್‌ಡೂಗಲನನ್ನು ಔಟ್ ಮಾಡಿದ. ಅಂಕಪತ್ರದಲ್ಲಿ ಉಳಿದಿರುವುದು ಅಷ್ಟೇ: ಒಬ್ಬ ಔಟ್. ಸ್ಕೋರನ ದೃಷ್ಟಿ ಹೋದರೆ ತಾನು ಆಟವನ್ನೇ ಬಿಡುವೆನೆಂದು ಮ್ಯಾಕ್‌ಡೂಗಲ್ ಹೇಳಿದ. ದೃಷ್ಟಿ ಮರಳಿತು. ಆದರೆ ಆ ವರ್ಷ ಸ್ಕೋರ್ ಮತ್ತೆ ಆಡಲಿಲ್ಲ. ಮೊದಲ ಎರಡು ವರ್ಷಗಳಲ್ಲಿ 36 ಪಂದ್ಯ ಗೆದ್ದವನು ಉಳಿದ ಆರು ವರ್ಷಗಳಲ್ಲಿ ಗೆದ್ದದ್ದು ಒಟ್ಟು 19. 1962ಕ್ಕೆ ಎಲ್ಲವೂ ಮುಗಿಯಿತು.

ಚೆಂಡು ಕಣ್ಣಿಗೆ ಬಡಿಯಿತು, ಪ್ರತಿಭೆ ನಂದಿತು ಎಂದು ಅಮೆರಿಕದ ಜನ ಇಂದಿಗೂ ಹೇಳುತ್ತಾರೆ. ಅಭಿಮನ್ಯುವಿನ ಕಥೆ ಕೇಳಿ ಬೆಳೆದ ನಮಗೂ ಆ ಹೇಳಿಕೆ ಸಹಜವೆನಿಸುತ್ತದೆ. ಎಳೆಯ ವೀರನಿಗೆ ಒಂದು ಚಕ್ರವ್ಯೂಹ ಬೇಕು, ಒಂದು ನಿಶ್ಚಿತ ಗಳಿಗೆ ಬೇಕು. ಕಥೆ ಹಾಗಿದ್ದರೇ ನಿಲ್ಲುವುದು. ಇದನ್ನು ಒಪ್ಪದಿದ್ದವರಲ್ಲಿ ಮುಖ್ಯನಾದವನು ಹರ್ಬ್ ಸ್ಕೋರ್ ತಾನೇ. ಕಣ್ಣು ಗುಣವಾಗಿತ್ತು, ಎಸೆತವೂ ಮರಳಿತ್ತು. 1958ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನ ಒಂದು ತೇವದ ರಾತ್ರಿ ಎಸೆಯುತ್ತಿರುವಾಗ ಮೊಣಕೈ ಕಿತ್ತುಹೋಯಿತು, ಕೆಡುಕು ಬಂದದ್ದು ಅಲ್ಲಿಂದ ಎಂದು ಅವನು ಬದುಕಿನುದ್ದಕ್ಕೂ ಹೇಳಿದ. ಅವನ ಪರವಾಗಿ ಅಂಕಪತ್ರವೂ ಸಾಕ್ಷಿ ನುಡಿಯುತ್ತದೆ: ಆ ರಾತ್ರಿಗೆ ಕೆಲವೇ ದಿನಗಳ ಮುಂಚೆ ಷಿಕಾಗೋ ವೈಟ್ ಸಾಕ್ಸ್ ತಂಡಕ್ಕೆ ಒಂದು ರನ್ನನ್ನೂ ಕೊಡದೆ ಅವನು 13 ಸ್ಟ್ರೈಕ್‌ಔಟ್ ಪಡೆದಿದ್ದ. ಅಂಜಿಕೆಯಿಂದ ಅವನ ಎಸೆತದ ಶೈಲಿ ಬದಲಾಯಿತೆಂದವರಿಗೆ, ಬದಲಾದದ್ದು ಅಂಜಿಕೆಯಿಂದಲ್ಲ, ಮೊಣಕೈಯ ನೋವನ್ನು ತಪ್ಪಿಸಿಕೊಳ್ಳಲು ಹೋಗಿ ಎಂದು ಉತ್ತರಿಸಿದ. ಮ್ಯಾಕ್‌ಡೂಗಲನ ಮನಸ್ಸಿನ ಭಾರ ಇಳಿಸಲೆಂದು ಅವನು ಹಾಗೆ ಹೇಳಿರಬಹುದೆಂದು ವಾದಿಸಬಹುದು. ನಾನು ಅವನ ಮಾತನ್ನೇ ನಂಬುತ್ತೇನೆ. ತನ್ನ ಬದುಕಿಗೆ ಸಿದ್ಧವಾಗಿ ಕಾದಿದ್ದ ದುರಂತನಾಯಕನ ಕಿರೀಟವನ್ನು ಒಬ್ಬ ಮನುಷ್ಯ ಬೇಡವೆಂದಾಗ, ಆ ನಿರಾಕರಣೆಯಲ್ಲಿ ಅವನಿಗೆ ಲಾಭವೇನೂ ಇರಲಿಲ್ಲ.

ಮೊಣಕೈಯ ಮಾತು ನಿಜವೆಂದರೆ ಕಥೆಯ ಸ್ವಾರಸ್ಯ ಕುಗ್ಗುತ್ತದೆ, ಹೊಣೆ ಮಾತ್ರ ಹಿಗ್ಗುತ್ತದೆ. ಮ್ಯಾಕ್‌ಡೂಗಲನ ಹೊಡೆತ ಅಕಸ್ಮಾತ್ತು. ಎಳೆಯ ತೋಳು ಎಸೆತದ ಬಿರುಸಿಗೇ ಹರಿಯುವುದು ಅಕಸ್ಮಾತ್ತಲ್ಲ. ಬ್ರೂಕ್ಲಿನ್ ತಂಡದ ಕಾರ್ಲ್ ಸ್ಪೂನರ್ 1954ರ ಸೆಪ್ಟೆಂಬರಿನಲ್ಲಿ ಮೊದಲ ಪಂದ್ಯದಲ್ಲೇ 15, ಎರಡನೆಯದರಲ್ಲಿ 12 ಸ್ಟ್ರೈಕ್‌ಔಟ್ ಪಡೆದ. ಎರಡರಲ್ಲೂ ಎದುರಾಳಿಗೆ ಒಂದೂ ರನ್ ಕೊಡಲಿಲ್ಲ. ಮುಂದಿನ ವಸಂತದಲ್ಲಿ ಭುಜ ನೊಂದಿತು. 1955ರ ವಿಶ್ವಸರಣಿಯ ಆರನೆಯ ಪಂದ್ಯವೇ ದೊಡ್ಡ ಲೀಗಿನಲ್ಲಿ ಅವನ ಕೊನೆಯ ಪಂದ್ಯವಾಯಿತು. ಆಗಿನ ವೈದ್ಯರಿಗೆ ತಿಳಿದಿದ್ದ ಉಪಾಯ ವಿಶ್ರಾಂತಿ ಮತ್ತು ಕಾವು. ಮೊಣಕೈಯ ಹರಿದ ಕಟ್ಟನ್ನು ಬೇರೆಡೆಯ ಸ್ನಾಯುರಜ್ಜುವಿನಿಂದ ಮತ್ತೆ ಕಟ್ಟುವ ಶಸ್ತ್ರಕ್ರಿಯೆಯನ್ನು ಡಾಕ್ಟರ್ ಫ್ರಾಂಕ್ ಜೋಬ್ ಟಾಮಿ ಜಾನ್ ಎಂಬ ಪಿಚರನ ಮೇಲೆ ಮೊದಲು ಮಾಡಿದ್ದು 1974ರಲ್ಲಿ. 1998ರ ಮೇ 6ರಂದು ಷಿಕಾಗೋದ ಕೆರಿ ವುಡ್, ಪ್ರಾಯ 20, ತನ್ನ ಐದನೆಯ ಪಂದ್ಯದಲ್ಲಿ ಹ್ಯೂಸ್ಟನ್ ವಿರುದ್ಧ 20 ಸ್ಟ್ರೈಕ್‌ಔಟ್ ಪಡೆದಾಗ ಆ ವಿದ್ಯೆ ಬೆಳೆದಿತ್ತು. 1999ರ ಪೂರ್ತಿ ವರ್ಷವನ್ನು ಅವನು ಆ ಶಸ್ತ್ರಕ್ರಿಯೆಯ ಆರೈಕೆಯಲ್ಲಿ ಕಳೆದ; ಆಮೇಲೆ ಆಡಿದ, 2003ರಲ್ಲಿ 266 ಸ್ಟ್ರೈಕ್‌ಔಟ್ ಪಡೆದ. 2010ರ ಜೂನ್ 8ರಂದು ತನ್ನ ಮೊದಲ ಪಂದ್ಯದಲ್ಲಿ 14 ಪಡೆದ ವಾಷಿಂಗ್ಟನ್ನಿನ ಸ್ಟೀಫನ್ ಸ್ಟ್ರಾಸ್‌ಬರ್ಗ್‌ಗೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದೇ ಶಸ್ತ್ರಕ್ರಿಯೆ. ಈಗ ತರುಣ ಪಿಚರನ ಪ್ರತಿಯೊಂದು ಎಸೆತವನ್ನೂ ಎಣಿಸುತ್ತಾರೆ. ಆದರೂ ತೋಳುಗಳು ಹರಿಯುವುದು ನಿಂತಿಲ್ಲ.

ಸ್ಕೋರ್ ಆಟ ಬಿಟ್ಟ ಮೇಲೆ ಕ್ಲೀವ್‌ಲೆಂಡನ್ನು ಬಿಡಲಿಲ್ಲ. 1964ರಿಂದ ತಂಡದ ಪಂದ್ಯಗಳ ವೀಕ್ಷಕ ವಿವರಣೆಗಾರನಾದ. ಮೊದಲು ಟೆಲಿವಿಷನ್, 1968ರಿಂದ ರೇಡಿಯೋ. ಒಟ್ಟು 34 ವರ್ಷ. ಆ ಊರಿನ ಎರಡು ತಲೆಮಾರುಗಳಿಗೆ ಅವನು ಪಿಚರನಲ್ಲ, ಬೇಸಿಗೆಯ ಸಂಜೆಗಳಲ್ಲಿ ಕೇಳಿಬರುವ ಒಂದು ಧ್ವನಿ. ಅವನ ಕೊನೆಯ ವಿವರಣೆ 1997ರ ಅಕ್ಟೋಬರ್ 26ರ ರಾತ್ರಿ, ಮಯಾಮಿಯಲ್ಲಿ ನಡೆದ ವಿಶ್ವಸರಣಿಯ ಏಳನೆಯ ಪಂದ್ಯ. ಕ್ಲೀವ್‌ಲೆಂಡ್ 11ನೆಯ ಇನ್ನಿಂಗ್ಸಿನಲ್ಲಿ ಸೋತಿತು. ಆ ರಾತ್ರಿ ತಂಡದ ಪರವಾಗಿ ಪಂದ್ಯ ಆರಂಭಿಸಿದವನು ಮೊದಲ ವರ್ಷದ ಆಟಗಾರ ಜ್ಯಾರೆಟ್ ರೈಟ್, ಪ್ರಾಯ 21. ಅವನು 7 ಸ್ಟ್ರೈಕ್‌ಔಟ್ ಪಡೆದ ಆ ಪಂದ್ಯಕ್ಕೆ ರೇಡಿಯೋದಲ್ಲಿ ಧ್ವನಿಯಾದವನು ಹರ್ಬ್ ಸ್ಕೋರ್.