ಬೆರಳಚ್ಚು ಮತ್ತು ಕೈಬರಹ: ಬೆರಳುಗಳ ಅಭ್ಯಾಸದ ಚರಿತ್ರೆ

ಬರವಣಿಗೆಯ ಚರಿತ್ರೆಯನ್ನು ಬರೆದ ವಿದ್ವಾಂಸರು ಲಿಪಿಗಳ ಹುಟ್ಟು ಬೆಳವಣಿಗೆಗಳನ್ನೂ, ಓಲೆ, ಕಡತ, ಕಾಗದ ಮೊದಲಾದ ಸಾಧನಗಳ ಪರಂಪರೆಯನ್ನೂ ವಿಸ್ತಾರವಾಗಿ ವಿವೇಚಿಸಿದ್ದಾರೆ. ಆದರೆ ಬರೆಯುವ ಕೈ ತನ್ನ ಕೆಲಸವನ್ನು ಹೇಗೆ ಕಲಿಯಿತು, ಒಮ್ಮೆ ಕಲಿತದ್ದನ್ನು ಬಿಡಲು ಅದು ಏಕೆ ಒಪ್ಪುವುದಿಲ್ಲ ಎಂಬ ಪ್ರಶ್ನೆಗಳಿಗೆ ಅಷ್ಟು ಗಮನ ದೊರೆತಂತೆ ಕಾಣುವುದಿಲ್ಲ. ಇಂದಿನ ಕಾಲೇಜು ವಿದ್ಯಾರ್ಥಿ ಪರೀಕ್ಷಾ ಮಂದಿರದಲ್ಲಿ ಲೇಖನಿ ಹಿಡಿದು ಉತ್ತರ ಬರೆಯುತ್ತಾನೆ. ಉದ್ಯೋಗಕ್ಕೆ ಸೇರಿದ ಮರುದಿನದಿಂದ ಅವನ ಬರವಣಿಗೆಯೆಲ್ಲ ಕೀಲಿಮಣೆಯ ಮೇಲೆಯೇ ನಡೆಯುತ್ತದೆ. ಎರಡರಲ್ಲಿ ಯಾವುದು ಮೇಲೆಂಬ ವಾದ ಅಧ್ಯಾಪಕರ ಕೊಠಡಿಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ವಾದಕ್ಕೆ ಸುಮಾರು ಒಂದೂವರೆ ಶತಮಾನದ ಹಿನ್ನೆಲೆಯುಂಟು. ಅದನ್ನು ಪರಿಶೀಲಿಸಿದರೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಯಂತ್ರ ಹುಟ್ಟಿದೊಡನೆ ಅದನ್ನು ಬಳಸುವ ಕೌಶಲ ಹುಟ್ಟಲಿಲ್ಲ. ಅದನ್ನು ಗುಮಾಸ್ತರೂ ಉಪಾಧ್ಯಾಯರೂ ಅನಂತರದಲ್ಲಿ ರೂಪಿಸಿದರು. ಹಾಗೆ ರೂಪುಗೊಂಡು ಬೆರಳಿಗೆ ಹತ್ತಿದ ಕ್ರಮವಾದರೋ ಯಂತ್ರಕ್ಕಿಂತಲೂ ದೀರ್ಘಾಯುವಾಯಿತು.

ಮೊದಲು ಯಂತ್ರದ ವಿಷಯ. ಅಮೆರಿಕದ ಮಿಲ್ವಾಕಿ ನಗರದ ಕ್ರಿಸ್ಟೋಫರ್ ಲೇಥಮ್ ಷೋಲ್ಸ್ ಎಂಬಾತನು ಇಬ್ಬರು ಸಹಚರರೊಡನೆ ೧೮೬೮ರಲ್ಲಿ ಬೆರಳಚ್ಚು ಯಂತ್ರವೊಂದಕ್ಕೆ ಹಕ್ಕುಪತ್ರವನ್ನು ಪಡೆದನು. ೧೮೭೩ರಲ್ಲಿ ಬಂದೂಕುಗಳಿಗೂ ಹೊಲಿಗೆ ಯಂತ್ರಗಳಿಗೂ ಹೆಸರಾಗಿದ್ದ ರೆಮಿಂಗ್ಟನ್ ಸಂಸ್ಥೆ ಅದರ ತಯಾರಿಕೆಯನ್ನು ವಹಿಸಿಕೊಂಡಿತು. ಮರುವರ್ಷ ಅದು ಮಾರಾಟಕ್ಕೆ ಬಂದಿತು. ಆ ಯಂತ್ರದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ ಇದ್ದವು. ಅಚ್ಚಿನ ಕಡ್ಡಿಗಳು ಕಾಗದವನ್ನು ಕೆಳಗಿನಿಂದ ಬಡಿಯುತ್ತಿದ್ದುದರಿಂದ, ಬರೆದ ಸಾಲು ಬರೆಯುವವನ ಕಣ್ಣಿಗೆ ಆಗಲೇ ಕಾಣುತ್ತಿರಲಿಲ್ಲ. ೧೮೭೮ರ ಎರಡನೆಯ ಮಾದರಿಯಲ್ಲಿ ಒಂದೇ ಕೀಲಿಯಿಂದ ದೊಡ್ಡಕ್ಷರ, ಚಿಕ್ಕಕ್ಷರ ಎರಡನ್ನೂ ಮೂಡಿಸುವ ಏರ್ಪಾಡು ಬಂದಿತು. ಇಂದು ನಾವು ಕ್ವರ್ಟಿ ಎಂದು ಕರೆಯುವ ಅಕ್ಷರಕ್ರಮವು ಈ ಆರಂಭದ ಯಂತ್ರಗಳಲ್ಲಿಯೇ ಬಹುಮಟ್ಟಿಗೆ ನೆಲೆಗೊಂಡಿತ್ತು.

ಈ ಕ್ರಮವನ್ನು ಬೆರಳಚ್ಚುಗಾರರ ವೇಗವನ್ನು ತಗ್ಗಿಸುವುದಕ್ಕಾಗಿಯೇ ಕಲ್ಪಿಸಲಾಯಿತೆಂಬ ಮಾತು ಬಹಳ ಪ್ರಚಾರದಲ್ಲಿದೆ. ಕಾಲಾನುಕ್ರಮವನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ೧೮೭೪ರಲ್ಲಿ ತಗ್ಗಿಸಬೇಕಾದಷ್ಟು ವೇಗವೇ ಇರಲಿಲ್ಲ. ಆಗ ಯಂತ್ರದ ಮುಂದೆ ಕುಳಿತವರು ಕೀಲಿಗಳನ್ನು ಕಣ್ಣಿನಿಂದ ಹುಡುಕಿ, ಒಂದೆರಡು ಬೆರಳುಗಳಿಂದ ಒತ್ತುತ್ತಿದ್ದರು. ಷೋಲ್ಸನ ಮೊದಲ ಯಂತ್ರಗಳನ್ನು ಬಳಸಿದವರಲ್ಲಿ ತಂತಿ ಕಚೇರಿಯವರೂ ಇದ್ದರು. ಅವರ ಅನುಭವವು ಅಕ್ಷರಗಳ ಸ್ಥಾನವನ್ನು ಪ್ರಭಾವಿಸಿರಬೇಕೆಂದು ಕ್ಯೋಟೋ ವಿಶ್ವವಿದ್ಯಾನಿಲಯದ ಯಸುವೊಕ ಅವರು ೨೦೧೧ರಲ್ಲಿ ವಾದಿಸಿದ್ದಾರೆ. ಮೂಲಕಾರಣ ಯಾವುದೇ ಆಗಿರಲಿ, ಹತ್ತು ಬೆರಳುಗಳ ಕೌಶಲವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಣೆಯನ್ನು ರಚಿಸಲಿಲ್ಲವೆಂಬುದಂತೂ ನಿಶ್ಚಯ. ಆ ಕೌಶಲ ಇನ್ನೂ ಹುಟ್ಟಿರಲಿಲ್ಲ.

ಅದು ಹುಟ್ಟಿದ್ದು ಪಾಠಶಾಲೆಗಳಲ್ಲಿ ಮತ್ತು ನ್ಯಾಯಾಲಯಗಳಲ್ಲಿ. ಸಿನ್ಸಿನ್ನಾಟಿಯಲ್ಲಿ ಬೆರಳಚ್ಚನ್ನು ಕಲಿಸುತ್ತಿದ್ದ ಶ್ರೀಮತಿ ಲಾಂಗ್ಲಿಯವರು ೧೮೮೨ರಲ್ಲಿ ಒಂದು ಪಾಠಪುಸ್ತಕವನ್ನು ಪ್ರಕಟಿಸಿ, ಎಲ್ಲ ಬೆರಳುಗಳನ್ನೂ ಉಪಯೋಗಿಸಬೇಕೆಂದು ಬೋಧಿಸಿದರು. ಇದೇ ಸಮಯದಲ್ಲಿ ನ್ಯಾಯಾಲಯದ ಶೀಘ್ರಲಿಪಿಕಾರನಾಗಿದ್ದ ಫ್ರಾಂಕ್ ಮೆಕ್‌ಗರಿನ್ ಎಂಬಾತನು ಕೀಲಿಗಳ ಸ್ಥಾನವನ್ನು ಕಂಠಪಾಠ ಮಾಡಿಕೊಂಡು, ಮಣೆಯನ್ನು ನೋಡದೆಯೇ ಬರೆಯುವುದನ್ನು ಸ್ವಂತ ಪ್ರಯತ್ನದಿಂದ ಸಾಧಿಸಿದ್ದನು. ೧೮೮೮ರ ಜುಲೈ ೨೫ರಂದು ಸಿನ್ಸಿನ್ನಾಟಿಯಲ್ಲಿ ಅವನಿಗೂ ಲೂಯಿ ಟ್ರಾಬ್ ಎಂಬ ಬೋಧಕನಿಗೂ ೫೦೦ ಡಾಲರುಗಳ ಪಣವಿಟ್ಟ ಸ್ಪರ್ಧೆ ನಡೆಯಿತು. ಟ್ರಾಬನು ದೊಡ್ಡಕ್ಷರ, ಚಿಕ್ಕಕ್ಷರಗಳಿಗೆ ಬೇರೆ ಬೇರೆ ಕೀಲಿಗಳುಳ್ಳ ಕ್ಯಾಲಿಗ್ರಾಫ್ ಯಂತ್ರವನ್ನು ಬಳಸಿದನು. ೪೫ ನಿಮಿಷ ಹೇಳಿದ್ದನ್ನು ಕೇಳಿ ಬರೆಯುವುದು, ಮತ್ತೆ ೪೫ ನಿಮಿಷ ಮೂಲಪ್ರತಿಯನ್ನು ನೋಡಿ ಬರೆಯುವುದು, ಇವು ಪರೀಕ್ಷೆಯ ಎರಡು ಭಾಗಗಳು. ಮೆಕ್‌ಗರಿನ್ ಎರಡರಲ್ಲಿಯೂ ಗೆದ್ದನು. ನೋಡಿ ಬರೆಯುವ ಭಾಗದಲ್ಲಿ ಅವನಿಗಿದ್ದ ಅನುಕೂಲವನ್ನು ಊಹಿಸುವುದು ಕಷ್ಟವಲ್ಲ. ಅವನ ಕಣ್ಣು ಪ್ರತಿಯಿಂದ ಕದಲಬೇಕಾಗಿರಲಿಲ್ಲ. ಎದುರಾಳಿಯ ಕಣ್ಣಾದರೋ ಪ್ರತಿಗೂ ಮಣೆಗೂ ನಡುವೆ ಅಲೆಯಬೇಕಾಗಿತ್ತು. ಈ ಗೆಲವಿನ ಸುದ್ದಿ ಹಬ್ಬಿದ ಮೇಲೆ ನೋಡದೆ ಬರೆಯುವ ಪದ್ಧತಿ ವಾಣಿಜ್ಯ ಶಾಲೆಗಳ ಪಾಠಕ್ರಮವನ್ನು ಕ್ರಮೇಣ ಪ್ರವೇಶಿಸಿತು. ಯಂತ್ರವು ಮಾರಾಟಕ್ಕೆ ಬಂದು ಆಗಲೇ ೧೪ ವರ್ಷಗಳು ಕಳೆದಿದ್ದವೆಂಬುದನ್ನು ಗಮನಿಸಬೇಕು.

ಇನ್ನು ಕೈಬರಹದ ಗತಿಯನ್ನು ನೋಡೋಣ. ಲೇಖನಿಯಿಂದ ಪ್ರತಿ ಮಾಡುವವರು ನಿಮಿಷಕ್ಕೆ ಸುಮಾರು ೨೦ರಿಂದ ೩೦ ಪದಗಳನ್ನು ಬರೆಯಬಲ್ಲರು. ನುರಿತ ಬೆರಳಚ್ಚುಗಾರರು ಅದರ ಎರಡು ಮೂರು ಪಟ್ಟು ಬರೆಯುತ್ತಾರೆ. ಮಸಿಕಾಗದವನ್ನು ನಡುವೆ ಇಟ್ಟರೆ ಹಲವು ಪ್ರತಿಗಳು ಒಮ್ಮೆಗೇ ಸಿದ್ಧವಾಗುತ್ತವೆ. ಆದುದರಿಂದ ಯಂತ್ರದ ಮುಂದೆ ಮೊದಲು ಸೋತವನು ದುಂಡಕ್ಷರದಲ್ಲಿ ನಕಲು ಮಾಡಿ ಜೀವಿಸುತ್ತಿದ್ದ ಗುಮಾಸ್ತ. ಅವನ ಸ್ಥಾನಕ್ಕೆ ಬಂದವರಲ್ಲಿ ಹೆಚ್ಚಿನವರು ಸ್ತ್ರೀಯರು. ಅಮೆರಿಕದ ಜನಗಣತಿಯ ಪ್ರಕಾರ ಶೀಘ್ರಲಿಪಿ ಮತ್ತು ಬೆರಳಚ್ಚಿನ ವೃತ್ತಿಯಲ್ಲಿ ೧೮೭೦ರಲ್ಲಿ ಸ್ತ್ರೀಯರು ನೂರಕ್ಕೆ ಐದರಷ್ಟೂ ಇರಲಿಲ್ಲ. ೧೮೮೦ರಲ್ಲಿ ನೂರಕ್ಕೆ ೪೦ ಮಂದಿ, ೧೯೦೦ರಲ್ಲಿ ಸುಮಾರು ೭೭ ಮಂದಿ, ೧೯೩೦ರಲ್ಲಿ ೯೫ಕ್ಕೂ ಹೆಚ್ಚು ಮಂದಿ ಇದ್ದರು. ಆದರೆ ಟಿಪ್ಪಣಿ, ಕರಡು, ಸಹಿ, ಆಪ್ತರಿಗೆ ಬರೆಯುವ ಪತ್ರ ಇವು ಲೇಖನಿಯಲ್ಲಿಯೇ ಉಳಿದವು. ಯಂತ್ರ ಕಿತ್ತುಕೊಂಡದ್ದು ನಕಲು ಮಾಡುವ ಕೈಬರಹವನ್ನು. ಆಲೋಚಿಸುತ್ತ ಬರೆಯುವ ಕೈಬರಹವನ್ನಲ್ಲ.

ಈ ವಿಂಗಡಣೆ ಇಂದಿನ ವಾದಕ್ಕೂ ಬೆಳಕು ಚೆಲ್ಲುತ್ತದೆ. ಉಪನ್ಯಾಸವನ್ನು ಕೈಯಲ್ಲಿ ಬರೆದುಕೊಂಡವರು ವಿಷಯವನ್ನು ಹೆಚ್ಚು ಚೆನ್ನಾಗಿ ಗ್ರಹಿಸುತ್ತಾರೆಂದು ಮ್ಯುಲರ್ ಮತ್ತು ಓಪನ್‌ಹೈಮರ್ ಎಂಬ ಮನಶ್ಶಾಸ್ತ್ರಜ್ಞರು ೨೦೧೪ರಲ್ಲಿ ಪ್ರತಿಪಾದಿಸಿದರು. ಕೀಲಿಮಣೆಯನ್ನು ಬಳಸಿದವರು ಕೇಳಿದ ಮಾತುಗಳನ್ನು ಹಾಗೆಹಾಗೆಯೇ ಬರೆದುಕೊಳ್ಳುತ್ತಾರೆಂಬುದು ಅವರು ಕೊಟ್ಟ ಕಾರಣ. ೨೦೨೧ರಲ್ಲಿ ಪ್ರಕಟವಾದ ಪುನಃಪ್ರಯೋಗದಲ್ಲಿ ಮಾತುಗಳನ್ನು ಹಾಗೆಹಾಗೆಯೇ ಬರೆದುಕೊಳ್ಳುವ ಪ್ರವೃತ್ತಿ ಮತ್ತೆ ಕಂಡುಬಂದಿತು, ಆದರೆ ಗ್ರಹಣಶಕ್ತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎಂದರೆ, ಕೀಲಿಮಣೆ ಹಿಂದಿನಂತೆಯೇ ನಕಲಿನ ಕಡೆಗೆ ಎಳೆಯುತ್ತದೆ. ಅದರಿಂದ ಬುದ್ಧಿಗೆ ಹಾನಿಯೆಂದು ಹೇಳಲು ಮಾತ್ರ ಸಾಕಷ್ಟು ಆಧಾರವಿಲ್ಲ.

ಬೆರಳಿನ ಅಭ್ಯಾಸದ ಬಲಕ್ಕೆ ಇನ್ನೊಂದು ನಿದರ್ಶನವುಂಟು. ಆಗಸ್ಟ್ ಡ್ವೊರಾಕ್ ಎಂಬ ಅಮೆರಿಕದ ಪ್ರಾಧ್ಯಾಪಕರು ಬೆರಳುಗಳ ಚಲನೆಯನ್ನು ಅಭ್ಯಸಿಸಿ, ಹೆಚ್ಚಾಗಿ ಬರುವ ಅಕ್ಷರಗಳನ್ನು ನಡುಸಾಲಿನಲ್ಲಿಟ್ಟು ಹೊಸ ಕ್ರಮವೊಂದನ್ನು ರಚಿಸಿ, ೧೯೩೬ರಲ್ಲಿ ಹಕ್ಕುಪತ್ರವನ್ನು ಪಡೆದರು. ಅದರ ಗುಣ ಎಷ್ಟೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಅಷ್ಟು ಹೊತ್ತಿಗೆ ಲಕ್ಷಾಂತರ ಜನರ ಬೆರಳುಗಳಲ್ಲಿ ಹಳೆಯ ಕ್ರಮ ಬೇರೂರಿತ್ತು. ಕಚೇರಿಗಳು ಅದನ್ನು ಬಲ್ಲವರನ್ನು ಕೇಳುತ್ತಿದ್ದವು. ಶಾಲೆಗಳು ಕಚೇರಿಗಳು ಕೇಳಿದ್ದನ್ನು ಕಲಿಸುತ್ತಿದ್ದವು. ಕಬ್ಬಿಣದ ಕಡ್ಡಿಗಳು ಮಾಯವಾಗಿ ಗಣಕಯಂತ್ರ ಬಂದ ಮೇಲೂ ಈ ವರ್ತುಲ ಮುರಿಯಲಿಲ್ಲ.

ಇದೇ ಪ್ರಶ್ನೆ ಕನ್ನಡಕ್ಕೆ ಇನ್ನಷ್ಟು ಜಟಿಲವಾಗಿ ಬಂದಿತು. ಸಾಮಾನ್ಯ ಬೆರಳಚ್ಚು ಯಂತ್ರದಲ್ಲಿ ಸುಮಾರು ೯೦ ಚಿಹ್ನೆಗಳಿಗೆ ಮಾತ್ರ ಎಡೆಯಿದೆ. ಕನ್ನಡದಲ್ಲಿ ವ್ಯಂಜನಗಳೇ ೩೪, ಗುಣಿತಾಕ್ಷರಗಳು ನಾನೂರನ್ನು ಮೀರುತ್ತವೆ, ಒತ್ತಕ್ಷರಗಳು ಬೇರೆ. ಅಕ್ಷರಗಳನ್ನು ಅವುಗಳ ಆಕಾರದ ಭಾಗಗಳಾಗಿ ಬಿಡಿಸಿ, ಆ ಭಾಗಗಳನ್ನು ಕೀಲಿಗಳಿಗೆ ಹಂಚುವುದೇ ಇದಕ್ಕೆ ಪರಿಹಾರವಾಯಿತು. ಕನ್ನಡ ಬೆರಳಚ್ಚಿನ ಕೀಲಿಮಣೆಯನ್ನು ರೂಪಿಸಿದ ಅನಂತಸುಬ್ಬರಾಯರನ್ನು ಇಲ್ಲಿ ಸ್ಮರಿಸಬೇಕು. ೧೯೬೩ರಲ್ಲಿ ಅಂದಿನ ಮೈಸೂರು ರಾಜ್ಯದ ರಾಜಭಾಷಾ ಶಾಸನ ಬಂದು, ಆಡಳಿತದಲ್ಲಿ ಕನ್ನಡದ ಬಳಕೆ ಬೆಳೆದಂತೆ, ಈ ಕೌಶಲವನ್ನು ಕಲಿತು ಜೂನಿಯರ್, ಸೀನಿಯರ್ ಪರೀಕ್ಷೆಗಳಲ್ಲಿ ತೇರ್ಗಡೆಯಾದವರಿಗೆ ಕಚೇರಿಗಳಲ್ಲಿ ಸ್ಥಾನ ದೊರೆಯಿತು.

ಗಣಕಯಂತ್ರ ಬಂದಾಗ ಕ್ರಮ ಬದಲಾಯಿತು. ಭಾರತ ಸರ್ಕಾರದ ವಿದ್ಯುನ್ಮಾನ ಇಲಾಖೆ ೧೯೮೬ರಲ್ಲಿ ಎಲ್ಲ ಭಾರತೀಯ ಲಿಪಿಗಳಿಗೂ ಸಮಾನವಾದ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ನಿಗದಿಮಾಡಿತು. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕೆ. ಪಿ. ರಾವ್ ಅವರ ವಿನ್ಯಾಸವಾದರೋ ಇಂಗ್ಲಿಷ್ ಮಣೆಯ ಮೇಲೆಯೇ ಧ್ವನಿಸಾಮ್ಯದಿಂದ ಕನ್ನಡದ ಅಕ್ಷರಗಳನ್ನು ಕೂಡಿಸಿತು. ಕರ್ನಾಟಕ ಸರ್ಕಾರ ಆಡಳಿತದ ಬಳಕೆಗೆ ಅಂಗೀಕರಿಸಿದ್ದು ಇದನ್ನು, ಅಲ್ಪ ಮಾರ್ಪಾಡುಗಳೊಡನೆ. ಇವೆರಡರಲ್ಲಿಯೂ ಬರೆಯುವವರು ಅನುಸರಿಸಬೇಕಾದುದು ಆಕಾರವನ್ನಲ್ಲ, ಉಚ್ಚಾರಣೆಯನ್ನು. ‘ಸ್ತ್ರೀ’ ಎಂಬ ಪದವನ್ನು ಹಳೆಯ ಯಂತ್ರದಲ್ಲಿ ಕೈಬರಹದಂತೆ ಕಣ್ಣಿಗೆ ಕಾಣುವ ತುಂಡುಗಳಾಗಿ ಜೋಡಿಸುತ್ತಿದ್ದರು. ಗಣಕದಲ್ಲಿ ಸಕಾರ, ತಕಾರ, ರಕಾರ, ಈಕಾರ ಎಂಬ ಧ್ವನಿಕ್ರಮದಲ್ಲಿ ಒತ್ತುತ್ತಾರೆ. ಹಳೆಯ ಯಂತ್ರದಲ್ಲಿ ಪಳಗಿದವರಿಗೆ ಇದು ಹೊಸ ಕೀಲಿಗಳನ್ನು ಕಲಿಯುವುದಷ್ಟೇ ಆಗಿರಲಿಲ್ಲ, ಅಕ್ಷರವನ್ನು ಹೊಸದಾಗಿ ಬಿಡಿಸುವುದನ್ನು ಕಲಿಯಬೇಕಾಯಿತು. ಹೊಸಬರಿಗೆ ಕೆ. ಪಿ. ರಾವ್ ವಿನ್ಯಾಸ ಸುಲಭವಾದುದಕ್ಕೆ ಒಂದು ಕಾರಣವೆಂದರೆ ಅವರ ಬೆರಳುಗಳಿಗೆ ಇಂಗ್ಲಿಷ್ ಮಣೆಯ ಪರಿಚಯ ಮೊದಲೇ ಇದ್ದುದು. ಷೋಲ್ಸನ ಕ್ರಮ ಹೀಗೆ ಕನ್ನಡದೊಳಗೂ ಬಂದು ನೆಲೆಸಿತು.

ಈ ಚರಿತ್ರೆಯಿಂದ ಅಧ್ಯಾಪಕರು ತಿಳಿಯಬೇಕಾದುದೇನು? ಭಾರತದಲ್ಲಿ ೧೯೫೫ರಿಂದ ಬೆರಳಚ್ಚು ಯಂತ್ರಗಳನ್ನು ತಯಾರಿಸುತ್ತಿದ್ದ ಗೋದ್ರೆಜ್ ಸಂಸ್ಥೆ ೨೦೦೯ರಲ್ಲಿ ಅದನ್ನು ನಿಲ್ಲಿಸಿತು. ಬೀದಿ ಬೀದಿಯ ಬೆರಳಚ್ಚು ಶಾಲೆಗಳು ವಿರಳವಾದವು. ಕೀಲಿಮಣೆಯಾದರೋ ಪ್ರತಿಯೊಬ್ಬ ವಿದ್ಯಾರ್ಥಿಯ ಅಂಗೈಗೂ ಬಂದಿದೆ. ಅವನು ಅದನ್ನು ಯಾರಿಂದಲೂ ಕಲಿತಿಲ್ಲ. ಕಣ್ಣಿನಿಂದ ಹುಡುಕಿ ಒಂದೆರಡು ಬೆರಳುಗಳಿಂದ ಒತ್ತುತ್ತಾನೆ. ಅನೇಕ ವೇಳೆ ಕನ್ನಡವನ್ನು ರೋಮನ್ ಅಕ್ಷರಗಳಲ್ಲಿಯೇ ಬರೆದುಬಿಡುತ್ತಾನೆ. ಆ ಬರಹದಲ್ಲಿ ಲಕಾರ ಳಕಾರಗಳ, ನಕಾರ ಣಕಾರಗಳ ಭೇದ ಸುಲಭವಾಗಿ ಅಳಿದುಹೋಗುತ್ತದೆ. ಕೌಶಲದ ದೃಷ್ಟಿಯಿಂದ ನಾವು ಮತ್ತೆ ೧೮೭೪ರ ಸ್ಥಿತಿಯಲ್ಲಿದ್ದೇವೆ. ಯಂತ್ರವಿದೆ, ಕಲಿಸುವವರಿಲ್ಲ. ಯಾರೂ ಕಲಿಸದಿದ್ದರೂ ಬೆರಳು ಏನನ್ನಾದರೂ ಕಲಿತೇ ಕಲಿಯುತ್ತದೆ. ಕಲಿತದ್ದನ್ನು ಬಿಡಿಸುವುದು ಎಷ್ಟು ಕಷ್ಟವೆಂಬುದನ್ನು ಮೇಲೆ ನೋಡಿದೆವು.

ಆದುದರಿಂದ ಲೇಖನಿಯೋ ಕೀಲಿಮಣೆಯೋ ಎಂಬ ವಾದದಲ್ಲಿ ಕಾಲ ಕಳೆಯುವುದಕ್ಕಿಂತ, ಎರಡಕ್ಕೂ ಅವುಗಳ ಕೆಲಸವನ್ನು ಹಂಚಿಕೊಡುವುದು ಯುಕ್ತ. ಆಲೋಚಿಸಿ ಸಾರವನ್ನು ಗುರುತಿಸಿಕೊಳ್ಳಲು ಕೈಬರಹ ಉಳಿಯಲಿ. ಅದರ ಜೊತೆಗೆ ಕನ್ನಡದ ಒಂದು ವಿನ್ಯಾಸವನ್ನು, ಮಣೆಯನ್ನು ನೋಡದೆ ಎಲ್ಲ ಬೆರಳುಗಳಿಂದ ಬರೆಯುವಂತೆ, ಪದವಿಯ ಮೊದಲ ವರ್ಷದಲ್ಲಿಯೇ ಕಲಿಸುವ ಏರ್ಪಾಡಾಗಲಿ. ಇದನ್ನು ಕಚೇರಿಯ ಕಸುಬೆಂದು ಬದಿಗೊತ್ತಬಾರದು. ಕನ್ನಡದ ವಿದ್ಯಾರ್ಥಿ ತನ್ನ ಭಾಷೆಯನ್ನು ತನ್ನ ಲಿಪಿಯಲ್ಲಿ, ತಡವರಿಸದೆ ಬರೆಯಬಲ್ಲನೇ ಎಂಬುದು ಭಾಷಾಶಿಕ್ಷಣದ ಪ್ರಶ್ನೆಯೇ ಆಗಿದೆ.