ಕೋಲಾರ ಪಟ್ಟಿಯ ಜ್ವಾಲಾಮುಖಿಜ ಶಿಲೆಗಳು

ಕೋಲಾರ ಪಟ್ಟಿಯ ಜ್ವಾಲಾಮುಖಿಜ ಶಿಲೆಗಳು ಕರ್ನಾಟಕದ ಕೋಲಾರ ಜಿಲ್ಲೆಯಲ್ಲಿ ಸುಮಾರು 270 ಕೋಟಿ ವರ್ಷಗಳ ಹಿಂದೆ ಹೊರಬಂದ ಕರಗಿದ ಶಿಲೆಯು ಗಟ್ಟಿಯಾಗಿ ಉಂಟಾದವು. ಉತ್ತರ–ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದ ಚಾಚಿರುವ ಕಿರಿದಾದ ಈ ಶಿಲಾಪಟ್ಟಿಯಲ್ಲಿಯೇ ಕೋಲಾರ ಚಿನ್ನದ ಗಣಿಗಳಿದ್ದವು. ಜ್ವಾಲಾಮುಖಿಯ ಬಾಯಿಯಾಗಲಿ ಶಂಕುವಾಗಲಿ ಇಲ್ಲಿ ಇಂದು ಉಳಿದಿಲ್ಲ. ಅದು ಇತ್ತೆಂಬುದಕ್ಕೆ ಶಿಲೆಗಳ ರಚನೆಯೇ ಸಾಕ್ಷಿ.

ಗಟ್ಟಿಯಾಗುವ ಬಗೆ

ಭೂಮಿಯೊಳಗಿನ ಕರಗಿದ ಶಿಲೆಯನ್ನು ಶಿಲಾಪಾಕವೆಂದೂ ಅದು ಹೊರಬಂದು ಹರಿದಾಗ ಲಾವಾ ಎಂದೂ ಕರೆಯುತ್ತಾರೆ. ಆಳದಲ್ಲಿ ನಿಧಾನವಾಗಿ ತಣಿದರೆ ಹರಳುಗಳು ದೊಡ್ಡವಾಗಿ ಬೆಳೆದು ಗ್ರಾನೈಟ್‌ನಂತಹ ಶಿಲೆ ಆಗುತ್ತದೆ. ಮೇಲ್ಮೈಯಲ್ಲಿ ಬೇಗ ತಣಿದರೆ ಸಣ್ಣ ಹರಳುಗಳ ಬೆಸಾಲ್ಟ್ ದೊರೆಯುತ್ತದೆ. ಹರಳುಗಟ್ಟಲು ಸಮಯವೇ ಸಿಗದಿದ್ದರೆ ಗಾಜು ಉಂಟಾಗುತ್ತದೆ.

ಬೆಸಾಲ್ಟ್ ಲಾವಾದ ಉಷ್ಣತೆ ಸಾಮಾನ್ಯವಾಗಿ 1,100–1,200 ಡಿಗ್ರಿ ಸೆಲ್ಸಿಯಸ್. ಅದು ನೀರಿನೊಳಗೆ ಹರಿದಾಗ ಹೊರಮೈ ತಕ್ಷಣ ಗಟ್ಟಿಯಾಗುತ್ತದೆ. ಒಳಗಿನ ದ್ರವ ಆ ಸಿಪ್ಪೆಯನ್ನು ಸೀಳಿಕೊಂಡು ಮತ್ತೊಂದು ಉಬ್ಬಾಗಿ ಹೊರಬರುತ್ತದೆ. ಹೀಗೆ ಪೇರಿಸಿಟ್ಟ ದಿಂಬುಗಳಂತೆ ಕಾಣುವ ರಚನೆಗೆ ದಿಂಬು ಲಾವಾ ಎಂಬ ಹೆಸರಿದೆ. ಮೇಲಿನ ದಿಂಬಿನ ತಳ ಕೆಳಗಿನವುಗಳ ಸಂದಿಗೆ ಇಳಿದಿರುವುದರಿಂದ, ಶಿಲೆಗಳು ಮುಂದೆ ಮಡಿಸಿಕೊಂಡು ತಲೆಕೆಳಗಾದರೂ ಮೂಲದಲ್ಲಿ ಮೇಲ್ಭಾಗ ಯಾವುದೆಂದು ತಿಳಿಯಬಹುದು. ಕೋಲಾರದ ಬೆಸಾಲ್ಟ್ ಅನಂತರದ ಶಾಖ ಮತ್ತು ಒತ್ತಡದಿಂದ ಆಂಫಿಬೊಲೈಟ್ ಶಿಲೆಯಾಗಿ ಮಾರ್ಪಟ್ಟಿದ್ದರೂ ಅಲ್ಲಲ್ಲಿ ದಿಂಬುಗಳ ಆಕಾರ ಉಳಿದಿದೆ. ಆ ಲಾವಾ ನೀರಿನಡಿಯಲ್ಲಿ ಹರಿಯಿತೆಂಬುದು ಇದರಿಂದ ಸ್ಪಷ್ಟ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿಯೂ ಇಂತಹ ದಿಂಬುಗಳನ್ನು ನೋಡಬಹುದು.

ಸಿಡಿದ ವಸ್ತುಗಳು

ಸಿಲಿಕಾ ಹೆಚ್ಚಿರುವ ಶಿಲಾಪಾಕ ಮಂದವಾಗಿರುವುದರಿಂದ ಅದರೊಳಗಿನ ಅನಿಲಗಳು ಸುಲಭವಾಗಿ ಹೊರಹೋಗದೆ, ಕೊನೆಗೆ ಸ್ಫೋಟಿಸುತ್ತವೆ. ಆಗ ಚಿಮ್ಮುವ ಚೂರುಗಳಲ್ಲಿ 2 ಮಿ.ಮೀ.ಗಿಂತ ಸಣ್ಣವು ಬೂದಿ, 2ರಿಂದ 64 ಮಿ.ಮೀ.ವರೆಗಿನವು ಲ್ಯಾಪಿಲ್ಲಿ. ಅದಕ್ಕೂ ದೊಡ್ಡವು ಅರೆಕರಗಿದ ಸ್ಥಿತಿಯಲ್ಲಿ ಚಿಮ್ಮಿದ್ದರೆ ಬಾಂಬ್, ಗಟ್ಟಿಯಾಗಿಯೇ ಎಸೆಯಲ್ಪಟ್ಟಿದ್ದರೆ ಬ್ಲಾಕ್ ಎನಿಸುತ್ತವೆ. ಬೂದಿ ಕಾಲಾನಂತರ ಗಟ್ಟಿಯಾದರೆ ಟಫ್ ಶಿಲೆಯಾಗುತ್ತದೆ.

ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯಲ್ಲಿ ಸೂಕ್ಷ್ಮಕಣಗಳ ನಡುವೆ ಶಿಲಾಚೂರುಗಳು ಹುದುಗಿರುವ ಇಂತಹ ಸ್ಫೋಟಜನ್ಯ ಶಿಲೆಯಿದ್ದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ನೋಟಕ್ಕೆ ಇಂತಹ ಶಿಲೆ ಹೊಳೆಯ ಉರುಟುಗಲ್ಲುಗಳು ಕೂಡಿಕೊಂಡ ಶಿಲೆಯಂತೆಯೇ ಇರುತ್ತದೆ. ಪ್ರಾಚೀನ ಶಿಲೆಗಳಲ್ಲಿ ಚೂರುಗಳು ಒತ್ತಡಕ್ಕೆ ಸಿಕ್ಕಿ ಹಿಗ್ಗಿರುವುದರಿಂದ ಆಕಾರವನ್ನಷ್ಟೇ ನಂಬುವಂತಿಲ್ಲ. ಅವುಗಳನ್ನು ಹಿಡಿದಿಟ್ಟಿರುವುದು ಬೂದಿಯೋ ಮರಳೋ ಎಂಬುದನ್ನು ಪರಿಶೀಲಿಸಬೇಕಾಗುತ್ತದೆ.

ಚಿನ್ನದೊಂದಿಗಿನ ಸಂಬಂಧ

ಇಲ್ಲಿನ ಚಿನ್ನವನ್ನು ಜ್ವಾಲಾಮುಖಿ ನೇರವಾಗಿ ಉಗುಳಲಿಲ್ಲ. ಲಾವಾ ಶಿಲೆಯಾದ ಬಳಿಕ ಅದರ ಬಿರುಕುಗಳಲ್ಲಿ ಹರಿದ ಬಿಸಿ ದ್ರವಗಳು ಬೆಣಚುಕಲ್ಲಿನ ಎಳೆಗಳೊಂದಿಗೆ ಚಿನ್ನವನ್ನೂ ಬಿಟ್ಟುಹೋದವು. ಆ ಎಳೆಗಳನ್ನು ಅನುಸರಿಸಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದ ಗಣಿಗಳು 2001ರಲ್ಲಿ ಮುಚ್ಚಿದವು. ಪಟ್ಟಣದ ಸುತ್ತ ಬೂದಿಯ ರಾಶಿಗಳಂತೆ ಕಾಣುವ ಸೈನೈಡ್ ದಿಬ್ಬಗಳು ಜ್ವಾಲಾಮುಖಿಯ ಬೂದಿಯಲ್ಲ, ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ.